ಅವ್ವಾ, ಸ್ವಲ್ಪ ಏಳು

ದಾಂಡೇಲಿಯಲ್ಲಿ ಕ್ಯಾಮೆರಾ ಹಿಡಿದವರಿಗೆ ಬರವಿಲ್ಲ. ಮಂಗಟ್ಟೆ ಹಕ್ಕಿಯ ಹಿಂದೆ ಬಿದ್ದು ಕತ್ತು ನೋಯಿಸಿಕೊಳ್ಳುವವರು ಒಂದು ಕಡೆ, ನದಿಯ ಬಂಡೆಯ ಮೇಲೆ ಒಂಟಿಗಾಲಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವ ಪ್ರವಾಸಿಗರು ಇನ್ನೊಂದು ಕಡೆ. ಆದರೆ ಕ್ಯಾಮೆರಾ ಕೊಂಡು ವರ್ಷವಾಗುತ್ತ ಬಂದರೂ ಒಂದೇ ಒಂದು ಮನುಷ್ಯಮುಖವನ್ನು ತೆಗೆಯದ ಮಹಾನುಭಾವ ಊರಿಗೆಲ್ಲ ಒಬ್ಬನೇ. ಅವನು ನಮ್ಮ ಅಣ್ಣ. ಈ ಕೀರ್ತಿಯಲ್ಲಿ ನನ್ನ ಪಾಲು ಏನೂ ಇಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ.

ಕಾಗದದ ಮಿಲ್ಲಿನಲ್ಲಿ ಮೂವತ್ತು ವರ್ಷ ಅವನು ಮಾಡಿದ್ದು ಒಂದೇ ಕೆಲಸ. ಹಾಳೆಯನ್ನು ಎತ್ತಿ ಬೆಳಕಿಗೆ ಹಿಡಿಯುವುದು, ಕರಿ ಚುಕ್ಕಿ ಕಂಡರೆ ಆಚೆ ಎಸೆಯುವುದು. ನಿವೃತ್ತನಾದಾಗ ಆ ಕಣ್ಣನ್ನು ಮಿಲ್ಲಿನಲ್ಲೇ ಬಿಟ್ಟು ಬರಬೇಕಿತ್ತು. ಬಿಡಲಿಲ್ಲ. ಅವನ ಹೆಂಡತಿ, ನಮ್ಮ ವೈನಿ, ಬಡಿದ ರೊಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ ದಿನ ಅವನಿಗೆ ಊಟ ಸಿಗಲಿಲ್ಲ.

ಹೋದ ದೀಪಾವಳಿಗೆ ಮನೆಗೆ ಬಣ್ಣ ಹಚ್ಚಿಸುವಾಗ, ಎಂಬತ್ತಾರು ದಾಟಿದ ನಮ್ಮ ಅವ್ವ ಅಪ್ಪನ ಫೋಟೊದ ಪಕ್ಕದಲ್ಲಿ ಇನ್ನೊಂದು ಮೊಳೆ ಹೊಡೆಸಿದಳು.

"ಇದು ಯಾತಕ್ಕವ್ವ?" ಎಂದೆ.

"ನನಗ. ಈಗಲೇ ಒಂದು ಚಲೋ ಫೋಟೊ ತಗದಿಡ್ರಿ. ಇಲ್ಲಂದ್ರ ನೀವು ರೇಶನ್ ಕಾರ್ಡಿನ ಫೋಟೊನ ದೊಡ್ಡದು ಮಾಡಿಸಿ ಹಾರ ಹಾಕಾಂವ್ರು. ಅದರಾಗ ನಾ ಪೊಲೀಸರು ಹಿಡದ ಕಳ್ಳಿಗತೆ ಅದೇನಿ."

ಆ ಹೊಣೆ ಹಿರಿಯ ಮಗನದು. ಅಣ್ಣ ಹುಬ್ಬಳ್ಳಿಗೆ ಹೋಗಿ ಹಳೆಯ ಕ್ಯಾಮೆರಾ ಒಂದನ್ನು ತಂದ. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು.

ಮುಂದಿನ ವಾರವೇ ಧಾರವಾಡದಲ್ಲಿ ಒಂದು ಮದುವೆ. ಊಟಕ್ಕೆ ತಡವಿತ್ತೆಂದು ಅಣ್ಣ ಪಕ್ಕದ ಸಭಾಂಗಣಕ್ಕೆ ಕಾಲಿಟ್ಟ. ಅಲ್ಲಿ ಸಮಕಾಲೀನ ಛಾಯಾಚಿತ್ರಗಳ ಪ್ರದರ್ಶನ. ಎದುರಿಗೇ ಬಾಗಿಲಿನಷ್ಟು ದೊಡ್ಡ ಚಿತ್ರ. ಅದರಲ್ಲಿ ಇದ್ದದ್ದು ಒಂದು ಗೋಡೆ, ಗೋಡೆಗೆ ಒಂದು ಮೊಳೆ, ಮೊಳೆಯ ಕೆಳಗೆ ಎಂದೋ ಫೋಟೊ ತೂಗುಹಾಕಿದ್ದ ಬಿಳಿಚಿಕೊಂಡ ಚೌಕ. ಅಷ್ಟೇ. ಅಣ್ಣ ಹತ್ತಿರ ಹೋಗಿ ಕಾಗದದಲ್ಲಿ ಚುಕ್ಕಿ ಇದೆಯೋ ಎಂದು ಪರೀಕ್ಷಿಸಿ, ಅಲ್ಲಿದ್ದ ಹುಡುಗಿಗೆ ಹೇಳಿದನಂತೆ: "ಕಾಗದ ಚಲೋ ಐತಿ. ಆದ್ರ ಫೋಟೊ ಎಲ್ಲೋ ಬಿದ್ದೈತಿ ನೋಡವಾ."

"ಇಲ್ಲ ಸರ್, ಇಲ್ಲದ್ದನ್ನು ತೋರಿಸುವುದೇ ಈ ಚಿತ್ರದ ಉದ್ದೇಶ" ಎಂದಳಂತೆ ಆ ಪುಣ್ಯಾತ್ಗಿತ್ತಿ.

ಅಣ್ಣ ಮದುವೆಯ ಊಟ ಬಿಟ್ಟು ಮನೆಗೆ ಬಂದ. ಊಟ ಬಿಟ್ಟವನಲ್ಲ ಅವನು. ನಾನು ಆಗಲೇ ಗಾಬರಿಯಾಗಬೇಕಿತ್ತು.

ಅಂದಿನಿಂದ ನಮ್ಮ ಮನೆಯಲ್ಲಿ ಇಲ್ಲದ್ದರ ಆರಾಧನೆ ಸುರುವಾಯಿತು. ಅತ್ತಿವೇರಿ ಪಕ್ಷಿಧಾಮಕ್ಕೆ ಹೋಗಿ ಹಕ್ಕಿ ಹಾರುವವರೆಗೆ ಕಾದು, ಹಾರಿದ ಮೇಲೆ ಕೊಂಬೆಯ ಫೋಟೊ ತೆಗೆದ. ಹಾರದೆ ಕೂತ ಒಂದು ಕೊಕ್ಕರೆಯನ್ನು ಅರ್ಧ ತಾಸು ಬೈದನೆಂದು ಜೊತೆಗೆ ಹೋದವರು ಬಂದು ಹೇಳಿದರು. ಜೊಯಿಡಾದ ಬಸ್ ನಿಲ್ದಾಣಕ್ಕೆ ಹೋದವನು, ಬಸ್ ಹೊರಟು ಹೋದ ಮೇಲಿನ ಖಾಲಿ ಜಾಗವನ್ನು ನಾನಾ ಕೋನಗಳಿಂದ ತೆಗೆದ. ಚಿತ್ರ ಅದ್ಭುತವಾಗಿ ಬಂತಂತೆ. ಆದರೆ ಹೋದದ್ದು ಅವನೇ ಮನೆಗೆ ಬರಬೇಕಾಗಿದ್ದ ಬಸ್ಸು. ಅಲ್ಲಿ ಬಸ್ಸುಗಳೆಷ್ಟು ಅಪರೂಪವೆಂದು ಬಲ್ಲವರು ಅವನು ಎಷ್ಟು ಹೊತ್ತಿಗೆ ಮನೆ ಮುಟ್ಟಿದನೆಂದು ಕೇಳುವುದಿಲ್ಲ.

ಆಮೇಲೆ ಸಿನಿಮಾ. ಕಟ್ಟೆಯ ಮೇಲಿಟ್ಟ ಒಂದು ಕಪ್ ಚಹಾ ಆರುವುದನ್ನು ನಲವತ್ತು ನಿಮಿಷ ಚಿತ್ರೀಕರಿಸಿ, ವೈನಿಯ ಹೊಸ ಬೆಡ್‌ಶೀಟನ್ನು ಪಡಸಾಲೆಗೆ ಕಟ್ಟಿ, ಎದುರುಮನೆಯ ಮೆಕ್ಯಾನಿಕ್ ಖಾದರಸಾಬರನ್ನು ಕರೆದು ತೋರಿಸಿದ. ಸಾಬರು ಮರ್ಯಾದಸ್ಥರು. ನಲವತ್ತು ನಿಮಿಷವನ್ನೂ ಪೂರ್ತಿ ನೋಡಿ, ಕೊನೆಗೆ ಮೆಲ್ಲಗೆ ಕೇಳಿದರು: "ಕಥಿ ಯಾವಾಗ ಚಾಲೂ ಆಗ್ತೈತ್ರಿ, ಅಣ್ಣಾರ?"

"ಮುಗೀತಲ್ಲ" ಎಂದ ಅಣ್ಣ.

"ಹೌದಾ? ಹಂಗಾರ ಖರೇ ಚಹಾ ಆದ್ರೂ ಹೇಳ್ರಿ."

ಇದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ರವಿವಾರ. ಪ್ರತಿ ರವಿವಾರ ಅವ್ವ ತಲೆ ಬಾಚಿ, ಇಳಕಲ್ ಸೀರೆಯುಟ್ಟು, ಪಡಸಾಲೆಯ ಕುರ್ಚಿಯಲ್ಲಿ ಅಪ್ಪನ ಫೋಟೊದ ಕೆಳಗೆ ಕೂಡುವಳು. ಅಣ್ಣ ಕ್ಯಾಮೆರಾವನ್ನು ಕಣ್ಣಿಗೆ ಹಿಡಿದು, ಹಿಂದೆ ಸರಿದು, ಮುಂದೆ ಬಂದು, ಕೊನೆಗೆ, "ಅವ್ವಾ, ಸ್ವಲ್ಪ ಏಳು" ಎನ್ನುವನು. ಅವಳು ಎದ್ದ ಕೂಡಲೇ ಖಾಲಿ ಕುರ್ಚಿಯ ಫೋಟೊ.

"ನಾ ಇನ್ನೂ ಅದೇನಿ" ಎನ್ನುವಳು ಅವ್ವ. "ಖಾಲಿ ಕುರ್ಚಿ ತಗೀಲಿಕ್ಕೆ ಏನ ಅವಸರ ನಿನಗ?"

"ಇದು ಸಮಕಾಲೀನ, ಅವ್ವ."

"ಇರ್ಲಿ. ಮುಂದಿನ ವಾರ ನನ್ನ ಕಾಲದ್ದು ಒಂದು ತಗಿ."

ವೈನಿ ಒಳಗಿನಿಂದ, "ನನ್ನ ಮದವಿ ಫೋಟೊ ನಿಮ್ಮ ಕೈಯಾಗ ಕೊಡಲಿಲ್ಲ, ಪುಣ್ಯ. ನನ್ನ ಎಬ್ಬಿಸಿ ಬರೇ ಕುಂತ ಮಣಿ ತಗದಿರ್ತಿದ್ರಿ" ಎನ್ನುವಳು.

ನನ್ನ ಸಹನೆ ತೀರಿತು. ಅವ್ವನನ್ನು ಬಸ್ಸಿಗೆ ಹತ್ತಿಸಿ ಹಳಿಯಾಳದ ಒಂದು ಸ್ಟುಡಿಯೊಕ್ಕೆ ಕರೆದೊಯ್ದೆ. ಅವರು ಅತಿ ಶ್ರದ್ಧೆಯಿಂದ ಅವ್ವನ ಸುಕ್ಕು ತೆಗೆದರು, ಗಲ್ಲದ ಮಚ್ಚೆ ತೆಗೆದರು, ಬಣ್ಣ ಬಿಳಿ ಮಾಡಿದರು, ಬೆನ್ನ ಹಿಂದೆ ಒಂದು ಜಲಪಾತ ಹರಿಸಿದರು. ಅವ್ವ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ, "ಯಾರ ಮನಿ ಹೆಣ್ಮಗಳಪಾ ಇಕಿ? ಪಾಪ, ಏನಾಗಿ ತೀರಿಕೊಂಡ್ಲು?" ಎಂದಳು. ಆ ಫೋಟೊ ಈಗ ಅಕ್ಕಿಡಬ್ಬಿಯ ಹಿಂದೆ ಇದೆ.

ಮಳೆಗಾಲದಲ್ಲಿ ಅವ್ವನಿಗೆ ಜ್ವರ ಬಂತು. ಧಾರವಾಡದ ಆಸ್ಪತ್ರೆಯಲ್ಲಿ ಒಂಬತ್ತು ದಿನ. ಮನೆಗೆ ಬಂದಾಗ ಸೀರೆಯೇ ಅವಳಿಗಿಂತ ಭಾರವಾಗಿತ್ತು. ಆ ಸಂಜೆ ಅಂಗಳದಲ್ಲಿ ಅಣ್ಣನನ್ನು ನಿಲ್ಲಿಸಿ, ಜೀವಮಾನದಲ್ಲಿ ಮೊದಲ ಬಾರಿ ದನಿಯೇರಿಸಿದೆ.

"ಸಾಕು ನಿನ್ನ ಸಮಕಾಲೀನ. ಈ ರವಿವಾರ ಆಕಿ ಮುಖ ತಗೀತಿ. ನಾಳೆ ಏನರೆ ಆದ್ರ ಆ ಮೊಳಿಗೆ ಏನ ಹಾಕ್ತಿ, ಕುರ್ಚಿ?"

ಅಣ್ಣ ಕ್ಯಾಮೆರಾದ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ ನಿಂತ. "ಕಡೀಗೆ ಉಡಸೂ ಸೀರಿ ತಗದಿಟ್ಟಾಳ. ಬಳಿ ಯಾರಿಗೆ, ಪಾತೇಲಿ ಯಾರಿಗೆ, ಎಲ್ಲಾ ಹೇಳಿಟ್ಟಾಳ. ಮೊಳಿ ಹೊಡಿಸ್ಯಾಳ" ಎಂದ. "ಇನ್ನ ಇದೊಂದ ಉಳದೈತಿ. ತಗದ್ರ ಎಲ್ಲಾ ಮುಗೀತಲ್ಲೋ ತಮ್ಮಾ. ನನ್ನ ಕಡಿಂದರೆ ತಡಾ ಆಗ್ಲಿ ಅಂತ..."

ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನಾನು ಒಳಗೆ ಹೋಗಿ ಕೈಕಾಲು ತೊಳೆದುಕೊಂಡೆ. ಅಂಥ ಹೊತ್ತಿನಲ್ಲಿ ಬೇರೇನು ಮಾಡಬೇಕೋ ತಿಳಿಯದು.

ಆದರೆ ನನ್ನ ಬೈಗುಳ ಅವನಿಗೆ ನಾಟಿತ್ತು. ರವಿವಾರ ಅವ್ವ ಕುರ್ಚಿಯಲ್ಲಿ ಕೂತಳು. ಅಣ್ಣ ಕ್ಯಾಮೆರಾ ಎತ್ತಿದ. "ಏಳು" ಎನ್ನಲಿಲ್ಲ. ಅವ್ವ ಬೆನ್ನು ನೆಟ್ಟಗೆ ಮಾಡಿ, ಸೆರಗು ಸರಿಮಾಡಿಕೊಂಡಳು. ಲಕ್ಷಗಟ್ಟಲೆ ಹಾಳೆಗಳನ್ನು ಒಂದೇ ನೋಟಕ್ಕೆ ಅಳೆದಿದ್ದ ಅಣ್ಣ ಲೆನ್ಸನ್ನು ಅಂಗಿಯ ತುದಿಯಿಂದ ಒರೆಸಿ ಕಣ್ಣಿಗೆ ಹಿಡಿದ, ಮತ್ತೆ ಒರೆಸಿ ಮತ್ತೆ ಹಿಡಿದ. ನಾನು ಅವ್ವನನ್ನು ನೋಡಿದೆ, ಅವಳ ತಲೆಯ ಮೇಲಿನ ಮೊಳೆಯನ್ನು ನೋಡಿದೆ.

"ಅಣ್ಣಾ," ಎಂದೆ, "ಇವತ್ತ ಬೆಳಕು ಬರೋಬರಿ ಇಲ್ಲ."

ಬೆಳಿಗ್ಗೆ ಹತ್ತು ಗಂಟೆ. ಮಳೆ ಬಿಟ್ಟು ಪಡಸಾಲೆಯ ತುಂಬ ಬಿಸಿಲು ಬಿದ್ದಿತ್ತು. ಅಣ್ಣ ಕ್ಯಾಮೆರಾ ಇಳಿಸಿ ನನ್ನನ್ನು ನೋಡಿದ. ಅವ್ವ ನಮ್ಮಿಬ್ಬರನ್ನೂ ಒಬ್ಬರಾದ ಮೇಲೊಬ್ಬರಂತೆ ನೋಡಿದಳು.

"ಹೌದು, ನನಗೂ ಹಂಗ ಅನಸ್ತು" ಎಂದಳು. "ಬರೂ ರವಿವಾರ ನೋಡೂಣು."

ಕುರ್ಚಿಯ ಕೈ ಹಿಡಿದು ನಿಧಾನ ಎದ್ದು, ಅಡಿಗೆಮನೆಯ ಕಡೆ ಎರಡು ಹೆಜ್ಜೆ ಇಟ್ಟವಳು ನಿಂತು, ಹಿಂದೆ ನೋಡದೆ ಹೇಳಿದಳು:

"ಬೇಕಾದ್ರ ಕುರ್ಚೀದು ಒಂದು ತಗಿ."