ಎಲ್ಲಾ ತೆಗೆದುಬಿಡಿ

"ಹಳೇ ಕಂಪ್ಯೂಟರ್ ನನ್ನ ತಮ್ಮನಿಗೆ ಕೊಡ್ತೀನಿ ರೀ" ಎಂದು ಹೆಂಡತಿ ಅಂದಾಗ ಗುಮಾಸ್ತ ಧಡಕ್ಕನೆ ಎದ್ದು ಅದಕ್ಕೆ ಅಡ್ಡ ನಿಂತ. ಅದರ ಹಾರ್ಡ್ ಡಿಸ್ಕಿನಲ್ಲಿ ಅತ್ತೆಯ ಗೊರಕೆ ಇತ್ತು. ಬರೀ ಗೊರಕೆಯಾಗಿದ್ದರೆ ಹೇಗೋ ತೇಲಿಸಬಹುದಿತ್ತು. ಗೆಳೆಯರನ್ನು ನಗಿಸಲೆಂದು ಅದಕ್ಕೆ ತನ್ನದೇ ದನಿಯಲ್ಲಿ ವೀಕ್ಷಕ ವಿವರಣೆ ಬೇರೆ ಸೇರಿಸಿದ್ದ. ಆ ಅತ್ತೆ ಈಗ ಇದೇ ಮನೆಯಲ್ಲಿದ್ದರು. ಅವರು ಮುನಿಸಿಕೊಂಡು ಹೊರಟರೆ ಹೆಂಡತಿಯೂ ಗಂಟುಮೂಟೆ ಕಟ್ಟುವುದು ಖಂಡಿತ.

ಅವನೇನೋ ಎಂದೋ ಅದನ್ನು ಅಳಿಸಿದ್ದ. ಆದರೆ ಪಕ್ಕದ ಮನೆಯ ಸಲಹೆಮಾಮ ಬಿಡಬೇಕಲ್ಲ!

"ಅಳಿಸಿದ್ರೆ ಹೋಗುತ್ತೇನ್ರೀ? ಒಳಗೇ ಅವಿತು ಕೂತಿರುತ್ತೆ. ಗೊತ್ತಿರೋನು ಕಿವಿ ಹಿಡಿದು ಎಳೀತಾನೆ."

ಗುಮಾಸ್ತ ಡಿಸ್ಕ್ ಬಿಚ್ಚಿಕೊಂಡು ಸುತ್ತಿಗೆಯೊಂದಿಗೆ ಮಹಡಿ ಹತ್ತಿದ. ಮೊದಲ ಏಟು ಹೆಬ್ಬೆರಳಿಗೆ ಬಿತ್ತು, ಎರಡನೆಯದು ಮೇಲಿನ ಮನೆಯಾಕೆಯ ಹೂಕುಂಡಕ್ಕೆ. ಆಕೆಯ ಕೂಗಿಗೆ ಕಟ್ಟಡವೇ ಮಹಡಿಗೆ ಬಂತು.

"ಅಂಥದ್ದೇನಿದೆ ಅದರಲ್ಲಿ?" ಎಂದು ಆಕೆ ಕಣ್ಣು ಕಿರಿದು ಮಾಡಿದಳು.

"ಸುತ್ತಿಗೆಗೆಲ್ಲ ಇದು ಜಗ್ಗಲ್ಲ. ರಿಪೇರಿಯವನಿಗೆ ಕೊಡ್ರೀ" ಎಂದರು ಸಲಹೆಮಾಮ.

ಅಂಗಡಿಯಲ್ಲಿ ಜನವಿತ್ತು. ಗುಮಾಸ್ತ ರಿಪೇರಿಯವನ ಕಿವಿಯ ಹತ್ತಿರ ಬಾಗಿದ. "ಇದರಲ್ಲಿರೋದನ್ನೆಲ್ಲ ತೆಗೆದುಬಿಡಿ. ಅಳಿಸಿರೋದನ್ನೂ ಬಿಡಬೇಡಿ. ಒಂದೂ ಒಳಗೆ ಉಳೀಬಾರದು."

"ಅಷ್ಟು ಮುಖ್ಯಾನಾ ಸಾರ್?"

"ನನ್ನ ಸಂಸಾರದ ಪ್ರಶ್ನೆ ಕಣಪ್ಪಾ!"

ಸಂಜೆ ಆಫೀಸಿಗೆ ರಿಪೇರಿಯವನ ಫೋನ್ ಬಂತು. "ಎಲ್ಲಾ ತೆಗೆದೆ ಸಾರ್, ಅಳಿಸಿದ್ದೂ ಸೇರಿ. ಆ ಕಡೆಯೇ ಹೋಗ್ತಿದ್ದೆ, ಮನೇಲಿ ಅಮ್ಮಾವರ ಕೈಗೇ ಕೊಟ್ಟು ಬಂದೆ."

ಖಾಲಿ ಡಿಸ್ಕ್ ತಾನೇ, ಯಾರ ಕೈಗೆ ಕೊಟ್ಟರೇನು! ಗುಮಾಸ್ತನಿಗೆ ಹೋದ ಜೀವ ಬಂದಂತಾಯಿತು. ಬಸ್ಸಿನಲ್ಲಿ ಕಾಲು ತುಳಿದವನಿಗೂ ನಕ್ಕ. ಮನೆಯ ಬಾಗಿಲು ತೆರೆದರೆ ಒಳಕೋಣೆಯಿಂದ ಅದೇ ಗೊರಕೆ. ಅತ್ತೆ ನೆಮ್ಮದಿಯಾಗಿ ಮಲಗಿದ್ದಾರೆ! ಮೊದಲ ಬಾರಿಗೆ ಆ ಸದ್ದು ಅವನಿಗೆ ಇಂಪಾಗಿ ಕೇಳಿಸಿತು. ಚಪ್ಪಲಿಯನ್ನು ಕೈಯಲ್ಲಿ ಹಿಡಿದು ತುದಿಗಾಲಲ್ಲಿ ಒಳಗೆ ಬಂದ.

"ಪಾಪ, ಎಚ್ಚರ ಆಗ್ಬಾರದು" ಎಂದು ತನ್ನಷ್ಟಕ್ಕೇ ಪಿಸುಗುಟ್ಟಿದ.

"ಯಾರಿಗೆ ಅಳಿಯಂದಿರೇ?"

ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಕೈ ಒರೆಸಿಕೊಳ್ಳುತ್ತ ನಿಂತಿದ್ದರು.

"ರಿಪೇರಿಯವನು ಪೆನ್ ಡ್ರೈವ್ ಕೊಟ್ಟು ಹೋದ. ಅಳಿಸಿಹೋಗಿದ್ದನ್ನೂ ಹುಡುಕಿ ತೆಗೆದಿದ್ದಾನಂತೆ, ಜಾಣ! ಇವಳು ಈಗ ತಾನೇ ಅದನ್ನ ಟಿವಿಗೆ ಹಾಕಿದ್ದಾಳೆ. ಅದೇನದು, ಯಾವುದೋ ಯಂತ್ರದ ಸದ್ದಾ?"

ಗೊರಕೆ ಒಂದು ಕ್ಷಣ ನಿಂತಿತು. ಒಳಗಿನಿಂದ ಗುಮಾಸ್ತನದೇ ದನಿ ಹುರುಪಿನಿಂದ ಕೇಳಿಬಂತು: "ಈಗ ನೋಡಿ, ನಮ್ಮತ್ತೆ ಲಾರಿ ದಿಬ್ಬ ಹತ್ತುತ್ತಿದೆ!"