ಕಾಕಾನ ಕುಸುರೆಳ್ಳಿನ ಬಳೆ

ಕಾದ ಪರಾತದಲ್ಲಿರುವ ಎಳ್ಳಿನ ಮೇಲೆ ಸಕ್ಕರೆ ಪಾಕ ಒಮ್ಮೆಗೆ ಅರ್ಧ ಚಮಚಕ್ಕಿಂತ ಹೆಚ್ಚು ಬೀಳಬಾರದು. ಬಿದ್ದರೆ ಎಳ್ಳು ಉಂಡೆಗಟ್ಟುತ್ತದೆ, ಮುಳ್ಳು ಮೂಡುವುದಿಲ್ಲ. ಮುಳ್ಳಿಲ್ಲದ ಮೇಲೆ ಅದೆಂಥ ಕುಸುರೆಳ್ಳು!

ಇದನ್ನು ನನಗೆ ಕಲಿಸಿದ್ದು ಅವ್ವನಲ್ಲ, ಅಪ್ಪನ ತಮ್ಮ, ನನ್ನ ಕಾಕಾ. ಚಹಾ ಕಾಸಲು ಹೋಗಿ ಪಾತೇಲಿ ಸುಟ್ಟ ಕಾಕಾ! ಖಾಸಬಾಗದಲ್ಲಿ ಅವನದು ಮೋಟರ್ ವೈಂಡಿಂಗ್ ಅಂಗಡಿ. ವಯಸ್ಸು ನಲವತ್ತಾರು, ಮದುವೆಯಾಗಿಲ್ಲ. ಇಂಥವನಿಗೂ ಒಬ್ಬರ ಮೇಲೆ ಮನಸ್ಸಾಗುತ್ತದೆ ಎಂದರೆ ಅವನ ಅಂಗಡಿಯ ಮುಂದೆ ಸಾಲಾಗಿ ಬಿದ್ದಿರುವ ಪಂಪುಗಳೂ ನಕ್ಕಾವು. ಆದರೂ ಆಯಿತು.

ಖಾನಾಪುರದಲ್ಲಿ ಶಾಲೆ ಕಲಿಸುವ ಅಕ್ಕೋರೊಬ್ಬರ ಮನೆಯ ಬಾವಿ ಮೋಟರು ಸುಟ್ಟಿತ್ತು. ಅವರಿಗೂ ಮದುವೆಯಾಗಿರಲಿಲ್ಲ, ಒಬ್ಬರೇ ಇದ್ದರು. ಕಾಕಾ ಹೋಗಿ ರಿಪೇರಿ ಮಾಡಿ ಬಂದ. ಆಮೇಲೆ ಪ್ರತಿ ರವಿವಾರ ಖಾನಾಪುರ!

"ಮೋಟರ್ ಹೆಂಗೈತಿ, ಕಾಕಾ?"

"ಫಸ್ಟ್ ಕ್ಲಾಸ್ ಐತಿ."

"ಮತ್ತ್ಯಾಕ ಹೋಗಿದ್ದಿ?"

"ಫಸ್ಟ್ ಕ್ಲಾಸ್ ಐತೋ ಇಲ್ಲೋ ನೋಡಾಕ!"

ಸಂಕ್ರಾಂತಿ ಹತ್ತಿರ ಬಂತು. ಅಕ್ಕೋರಿಗೆ ತಾನೇ ಕುಸುರೆಳ್ಳಿನ ದಾಗೀನ ಮಾಡಿಕೊಡುವುದಾಗಿ ಕಾಕಾ ಸಾರಿದ. ಅನಗೋಳದ ನಮ್ಮ ಓಣಿಯಲ್ಲಿ ಯಾರದೋ ಮನೆಯ ಹೊಸ ಸೊಸೆ ಸರ, ವಾಲೆ, ಬಳೆ ಎಲ್ಲವನ್ನೂ ಸಕ್ಕರೆಯಲ್ಲೇ ತೊಟ್ಟು ಕುಳಿತದ್ದನ್ನು ನೋಡಿದ್ದನಂತೆ.

"ಅಂಗಡ್ಯಾಗ ಸಿಗತಾವಲ್ಲೋ," ಎಂದಳು ಅವ್ವ.

"ಅವು ಎಲ್ಲಾರ ಕೈಗೂ ಆಗತಾವ್ರಿ ವೈನಿ. ಇವು ಒಬ್ಬರ ಕೈಗಷ್ಟ ಆಗಬೇಕು."

ಅಡುಗೆಮನೆ ಅವನ ವಶವಾಯಿತು. ಫ್ಯಾನು ಬಂದ್. ಸೀನು ಬಂದವರು ಅಂಗಳಕ್ಕೆ! ಅಕ್ಕೋರಿಗೆ ಜೀರಿಗೆ ಸೇರುತ್ತದೆಂದು ಎಳ್ಳಿನ ಜೊತೆ ಜೀರಿಗೆಗೂ ಸಕ್ಕರೆ ಹತ್ತಿಸಿದ. ಬಿಸಿ ಪರಾತದಲ್ಲಿ ಕೈಯಾಡಿಸಿ ಬೆರಳ ತುದಿಗಳಲ್ಲಿ ಗುಳ್ಳೆ ಎದ್ದವು. ಕಾಳುಗಳನ್ನು ಒಂದೊಂದಾಗಿ ಕಟ್ಟಿದ್ದು ಮೋಟರಿಗೆ ಸುತ್ತುವ ಹೊಸ ತಾಮ್ರದ ತಂತಿಗೆ. "ದಾರಕ್ಕ ಗ್ಯಾರಂಟಿ ಇಲ್ಲ!" ಎಂದ. ಕೊನೆಗೆ ಅಂಗಡಿಯ ಅಳತೆಯ ಸಲಕರಣೆ ತಂದು ನನ್ನ ಮಣಿಕಟ್ಟಿಗೆ ಹಚ್ಚಿದ.

"ನನ್ನ ಕೈ ಯಾಕ, ಕಾಕಾ?"

"ನಿಂದೂ ಅವರದೂ ಒಂದ ಅಳತಿ."

"ಅವರ ಕೈ ಯಾವಾಗ ಅಳದಿ?"

"ಕಣ್ಣಿಲೇ!"

ಅವ್ವನಿಗೆ ಇನ್ನು ತಡೆಯಲಾಗಲಿಲ್ಲ. "ಏನಪಾ, ಈ ದಾಗೀನ ಮದುವಿ ಆದ ಮ್ಯಾಲೆ ಮೊದಲನೇ ಸಂಕ್ರಾಂತಿಗೆ ಹಾಕೂವು. ನೀ ಆಕಿನ್ನ ಇನ್ನಾ ಕೇಳೇ ಇಲ್ಲ!"

"ಅಲ್ಲೇ ಕೇಳತೀನ್ರಿ. ಎರಡೆರಡ ಸಲ ಪೆಟ್ರೋಲ್ ಯಾಕ ಸುಡೂದು?"

ಸಂಕ್ರಾಂತಿಯ ದಿನ ಹೊರಟೆವು. ಒಬ್ಬನೇ ಹೋದರೆ ಚೆಂದವಲ್ಲವೆಂದು ಗಾಡಿಯ ಹಿಂದೆ ನನ್ನನ್ನು ಕೂರಿಸಿಕೊಂಡಿದ್ದ. ಪರಿಚಯವಿಲ್ಲದವರ ಮುಂದೆ ಒಂದು ಮಾತಾಡಬೇಕಾದರೆ ನಾಲ್ಕು ಸಲ ಯೋಚಿಸಿ ಕೊನೆಗೆ ಸುಮ್ಮನಾಗುವವಳು ನಾನು. ಈ ಕೆಲಸಕ್ಕೆ ಎಂಥ ಜೊತೆಗಾತಿ! ತೊಡೆಯ ಮೇಲೆ ಡಬ್ಬಿ. ಜಾಂಬೋಟಿ ಕಾಡಿನ ಕಡೆಯ ಹಸಿ ಗಾಳಿಗೆ ಸಕ್ಕರೆ ನೀರೊಡೆಯಬಾರದೆಂದು ಅದರ ತುಂಬ ಅಕ್ಕಿ.

ಅಕ್ಕೋರು ಚಾಪೆ ಹಾಸಿದರು. ಕಾಕಾ ಅಕ್ಕಿಯೊಳಗೆ ಕೈ ಹಾಕಿ ಬಳೆ ಹುಡುಕಿ ತೆಗೆದ. ಅವರು ಅದನ್ನು ನೋಡಿದರು. ಅವನ ಬೆರಳುಗಳನ್ನೂ ನೋಡಿದರು.

"ಇವನ್ನ ಹೊಸಾ ಮದುಮಗಳು ಹಾಕೋತಾಳ್ರಿ," ಎಂದರು ಮೆಲ್ಲಗೆ. "ನನಗ್ಯಾಕ ತಂದ್ರಿ?"

ಕೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಬೇಕೇ? ಕಾಕಾ ಬಾಯಿ ತೆರೆದ. ಕಿಟಕಿಯಾಚೆಗಿನ ಬಾವಿ ನೋಡಿದ.

"ಮೋಟರ್... ಹೆಂಗೈತ್ರಿ?"

"ಚಲೋ ಐತ್ರಿ," ಎಂದರು ಅಕ್ಕೋರು. ಅವರ ದನಿ ಇಳಿದಿತ್ತು. ಬಳೆ, ಡಬ್ಬಿ ಎರಡನ್ನೂ ಅಲ್ಲೇ ಬಿಟ್ಟು ಎದ್ದು ಬಂದೆವು.

"ಏನಂದ್ರೋ?" ಅವ್ವ ಬಾಗಿಲಲ್ಲೇ ಕೇಳಿದಳು.

"ಮೋಟರ್ ಚಲೋ ಐತಿ ಅಂದ್ರು," ಎಂದವನೇ ಕಾಕಾ ತಣ್ಣೀರಿನ ಬಟ್ಟಲಲ್ಲಿ ಬೆರಳು ಅದ್ದಿಕೊಂಡು ಮೂಲೆಯಲ್ಲಿ ಕುಳಿತ. ಊಟಕ್ಕೆ ಕರೆದರೂ ಬರಲಿಲ್ಲ.

ಅಪ್ಪ ತೀರಿಕೊಂಡಾಗ ನಾನು ಚಿಕ್ಕವಳು. ಅಂದಿನಿಂದ ನನ್ನ ಎಂ.ಎಸ್ಸಿ. ಮುಗಿಯುವವರೆಗೆ ಕಾಕಾನ ಮದುವೆಯ ಮಾತೆತ್ತಿದವರಿಗೆಲ್ಲ ಒಂದೇ ಉತ್ತರ: "ಈಗ ಸೀಜನ್ ಐತಿ, ಮುಂದ ನೋಡೂಣು." ಬಾವಿ ಮೋಟರುಗಳ ಸೀಜನ್ನು ಅಷ್ಟು ವರ್ಷ ನಡೆಯುತ್ತದೆಂದು ನಾನೂ ನಂಬಿದ್ದೆ.

ಮರುದಿನ ಬೆಳಿಗ್ಗೆ ಯಾರಿಗೂ ಹೇಳದೆ ಖಾನಾಪುರದ ಬಸ್ಸು ಹತ್ತಿದೆ. ಬಾಗಿಲು ಬಡಿದೆ. ಅಕ್ಕೋರು ತೆರೆದರು. ಅಗುಳಿಯ ಮೇಲಿದ್ದ ಕೈಯಲ್ಲಿ ಕುಸುರೆಳ್ಳಿನ ಬಳೆ ಇತ್ತು. ಕಾಕಾನ ಕಣ್ಣಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ನನ್ನನ್ನು ಕಂಡದ್ದೇ ಆ ಕೈ ಸೆರಗಿನೊಳಗೆ ಸೇರಿತು.

"ಮೋಟರ್ ನೋಡಾಕ ಬಂದಿ ಏನವಾ?"

"ಇಲ್ರಿ ಅಕ್ಕೋರ," ಎಂದೆ. "ನಿನ್ನೆ ಕಾಕಾಗ ಕೇಳಾಕ ಆಗಲಿಲ್ಲಲ್ಲ, ಅದನ್ನ ಕೇಳಾಕ ಬಂದೀನಿ."

ಚಪ್ಪಲಿ ಬಿಟ್ಟು ಹೊಸ್ತಿಲು ದಾಟಿದೆ.