ಕಾಕಾನ ಗಾಡಿಮನೆಗೆ ಅಕ್ಕನ ಫೋನು

ಕಿವಿಗೆ ಸಿಕ್ಕಿಸಿಕೊಳ್ಳುವ ಫೋನಿನ ಸಾಮಾನನ್ನು ನಮ್ಮ ಕಾಕಾನಷ್ಟು ಕೊಂಡವರು ರಾಯಚೂರು ಜಿಲ್ಲೆಯಲ್ಲಿ ಇನ್ನೊಬ್ಬರಿದ್ದರೆ ತೋರಿಸಿ, ನಾನು ಟೀಚರ್ ಕೆಲಸ ಬಿಟ್ಟು ಅವರ ಗಾಡಿ ತೊಳೆಯುತ್ತೇನೆ! ಅಷ್ಟನ್ನೂ ಕೊಂಡದ್ದು ಒಂದೇ ಒಂದು ಕರೆಗಾಗಿ. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎನ್ನುವಂಥ ಕರೆ. ಅದು ಬರಬೇಕಾದದ್ದು ಅವನ ಅಕ್ಕನಿಂದ, ಅಂದರೆ ಚೀಕಲಪರ್ವಿಯಲ್ಲಿರುವ ನಮ್ಮ ಅತ್ತೆಯಿಂದ.

ಆದದ್ದಿಷ್ಟು. ದೇವದುರ್ಗದಲ್ಲಿ ನಮ್ಮ ಹಿರಿಯರ ಮನೆಯೊಂದಿತ್ತು. ನಮ್ಮಪ್ಪ ತೀರಿಕೊಂಡ ಮೇಲೆ ಅದರ ಯಜಮಾನಿಕೆ ಅವನ ತಮ್ಮನಾದ ಈ ಕಾಕಾನದೇ. ಗೋಡೆ ಬಿರುಕು ಬಿಟ್ಟಿತ್ತು, ಯಾರೋ ಕೇಳಿದರು, ಕಾಕಾ ಮಾರಿಬಿಟ್ಟ. ಅಕ್ಕನನ್ನು ಒಂದು ಮಾತು ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೇ ಇಲ್ಲವಂತೆ, ಪುಣ್ಯಾತ್ಮನಿಗೆ! ಆ ವರ್ಷ ನಾಗರ ಪಂಚಮಿಗೆ ಅಕ್ಕನನ್ನು ಕರೆತರಲು ಹೋದರೆ ಅತ್ತೆ ಬಾಗಿಲಲ್ಲೇ ನಿಲ್ಲಿಸಿ, ಮೆಲ್ಲಗೆ, ಬಹಳ ಮೆಲ್ಲಗೆ ಹೇಳಿದಳಂತೆ:

"ತವರುಮನಿ ಮಾರಿ ಬಂದೀದಿ. ಈಗ ನನ್ನ ಎಲ್ಲಿಗೆ ಕರಕೊಂಡು ಹೋಗ್ತೀಯೋ ತಮ್ಮಾ? ನಾನಾಗಿ ಫೋನ್ ಮಾಡೂತನಕ ಈ ಕಡಿ ಬರಬ್ಯಾಡ."

ಬೇರೆ ಯಾರಾದರೂ ಆಗಿದ್ದರೆ ಅತ್ತು ಸುಮ್ಮನಾಗುತ್ತಿದ್ದರು. ಕಾಕಾ ಹಳೆಯ ಮಿನಿ ಬಸ್ಸೊಂದನ್ನು ಕೊಂಡ! ಸೀಟು ಕಿತ್ತ, ಮಂಚ ಹಾಕಿದ, ಗ್ಯಾಸ್ ಒಲೆ ಕೂರಿಸಿದ, ಕಿಟಕಿಗೆ ಪರದೆ, ಬಾಗಿಲಿಗೆ ತೋರಣ. ಅಕ್ಕಿ ಗಿರಣಿಗಳ ಯಂತ್ರ ರಿಪೇರಿ ಅವನ ಕೆಲಸ, ಹೆಂಡಿರು ಮಕ್ಕಳಿಲ್ಲದ ಒಂಟಿ ಜೀವ. ಮಾನ್ವಿ, ದೇವದುರ್ಗ, ರಾಯಚೂರು ಎಂದು ಗಿರಣಿಯಿಂದ ಗಿರಣಿಗೆ ಅದರಲ್ಲೇ ತಿರುಗಿದ, ಅದರಲ್ಲೇ ಉಂಡ, ಅದರಲ್ಲೇ ಮಲಗಿದ. "ಅಕ್ಕ ಕರದ ದಿವಸ ತವರುಮನೀನ ಆಕಿ ಬಾಗಿಲಿಗೆ ಒಯ್ತೀನಿ" ಎಂದ. ಇದನ್ನು ಪ್ರೀತಿ ಅನ್ನಬೇಕೋ, ಹುಚ್ಚು ಅನ್ನಬೇಕೋ? ನಾವೆಲ್ಲ ಹುಚ್ಚು ಎಂದೇ ಅಂದೆವು.

ಎಲ್ಲ ಸರಿ, ಎಂಜಿನ್ನು? ಅಬ್ಬಬ್ಬಾ! ಆ ಗಾಡಿ ಮಾನ್ವಿ ಬಿಟ್ಟಿತೆಂದರೆ ದೂರದ ಕಲ್ಲೂರಿನ ಎಮ್ಮೆಗಳು ಕಿವಿ ನಿಮಿರಿಸುತ್ತಿದ್ದವು. ಒಳಗೆ ಕೂತವರು ಕೆಳಗಿಳಿದ ಮೇಲೂ ಸುಮಾರು ಹೊತ್ತು ಎದುರಿಗೆ ಸಿಕ್ಕವರ ಮೇಲೆ ಒದರುತ್ತಿದ್ದರು. ಅತ್ತೆಯ ದನಿಯೋ, ಕಾಕಾನೇ ಹೇಳುವಂತೆ, ಅವಳು ಮಾತಾಡಿದರೆ ಅವಳ ತೊಡೆಯ ಮೇಲೆ ಮಲಗಿದ ಬೆಕ್ಕಿಗೂ ಎಚ್ಚರವಾಗುತ್ತಿರಲಿಲ್ಲ!

"ಫೋನ್ ಬಂದ್ರ ಗಾಡಿ ನಿಲ್ಲಿಸಿ ಮಾತಾಡು ಕಾಕಾ, ಅದಕ್ಕೇನು?" ಎಂದೆ.

"ನಿಲ್ಲಸೂದ್ರಾಗ ಆಕಿ ಇಟ್ಟುಬಿಟ್ರ? ಒಮ್ಮೆ ಇಟ್ಟಳಂದ್ರ ಮತ್ತ ಮಾಡಂಗಿಲ್ಲವ್ವಾ. ನಮ್ಮಕ್ಕನ್ನ ನಾ ಬಲ್ಲೆ."

ಮೊದಲು ಬಂದದ್ದು ವೈರಿನ ಇಯರ್‌ಫೋನು. ಅದರ ವೈರು ಗೇರಿಗೆ ಸುತ್ತಿಕೊಂಡು, ಗೇರು ಬದಲಿಸಿದಾಗಲೆಲ್ಲ ಕಾಕಾನ ಕುತ್ತಿಗೆ ಎಡಕ್ಕೆ ವಾಲುತ್ತಿತ್ತು. ಎದುರಿಗೆ ಬಂದವರು ಕುಡಿದಿದ್ದಾನೆ ಎಂದುಕೊಂಡರು. ಆಮೇಲೆ ಕಿವಿಯೊಳಗೆ ಕೂರುವ ಬ್ಲೂಟೂತು. ಅದು ಗಾಡಿಯ ಕುಲುಕಾಟಕ್ಕೆ ಹಾರಿ ಎಲ್ಲೋ ಮಾಯವಾಯಿತು. ಮಧ್ಯಾಹ್ನ ಎಂಜಿನ್ ಆರಿಸಿ ಉಣ್ಣಲು ಕೂತು, ಬಂದ ಫೋನಿನ ಗುಂಡಿ ಒತ್ತಿದರೆ ಪುಂಡಿಪಲ್ಯದ ಪಾತ್ರೆಯೊಳಗಿಂದ ಗಿರಣಿ ಮಾಲೀಕರು ಮಾತಾಡುತ್ತಿದ್ದಾರೆ: "ಹಲೋ, ಬೆಲ್ಟ್ ಹರದದರಿ, ಯಾವಾಗ ಬರ್ತೀರಿ?" ಕಾಕಾ ಪಾತ್ರೆಗೆ ಬಾಯಿಟ್ಟು "ಊಟ ಮಾಡಿ ಬಂದೆರಿ" ಎಂದನಂತೆ!

ಅದಾದ ಮೇಲೆ ನನ್ನನ್ನೂ ರಾಯಚೂರಿನ ಅಂಗಡಿಗೆ ಎಳೆದುಕೊಂಡು ಹೋದ. ಅಂಗಡಿಯವರು ಎರಡೂ ಕಿವಿ ಮುಚ್ಚುವ ದೊಡ್ಡ ಹೆಡ್‌ಫೋನ್ ತೆಗೆದರು.

"ಇದನ್ನ ಹಾಕ್ಕೊಂಡ್ರ ಹೊರಗಿನ ಸಪ್ಪಳ ಎಲ್ಲಾ ಕಟ್ ಆಗ್ತದ್ರಿ, ಯಜಮಾನ್ರ."

"ನಮ್ಮಕ್ಕನ ಸಪ್ಪಳಾನೂ ಕಟ್ ಆದ್ರ?"

ಪರೀಕ್ಷೆ ಆಗಲೇಬೇಕು ಎಂದ ಕಾಕಾ. ಅಂಗಡಿಯ ಮುಂದೆ ಗಾಡಿ ಚಾಲೂ ಮಾಡಿ, ಹೆಡ್‌ಫೋನ್ ಹಾಕಿಕೊಂಡು ಒಳಗೆ ಕೂತ. ನಾನು ರಸ್ತೆಯಾಚೆ ಬಾಳೆಹಣ್ಣಿನ ಬಂಡಿಯ ಪಕ್ಕ ನಿಂತು, ಅತ್ತೆಯ ಹಾಗೆ ಮೆಲ್ಲಗೆ ಫೋನಿನಲ್ಲಿ ಮಾತಾಡಬೇಕು.

"ತಮ್ಮಾ, ಹೆಂಗಿದ್ದೀ?" ಎಂದೆ.

"ಇನ್ನಾ ಮೆಲ್ಲಕ ಅನ್ನು! ನಮ್ಮಕ್ಕ ಹಂಗ ಒದರಂಗಿಲ್ಲ!" ಎಂದು ಕಾಕಾ ಇಡೀ ಬಜಾರಿಗೆ ಕೇಳುವಂತೆ ಒದರಿದ.

ನಾನು ಫೋನಿಗೆ ತುಟಿ ಹಚ್ಚಿ, "ತಮ್ಮಾ, ಉಂಡಿಯೇನೋ ನನ್ನಪ್ಪಾ?" ಎಂದು ಪಿಸುಗುಟ್ಟುವ ಹೊತ್ತಿಗೇ ನನ್ನ ಕ್ಲಾಸಿನ ಹುಡುಗಿಯ ಅಪ್ಪ ಎದುರಿಗೆ ಬರಬೇಕೇ! "ಆರಾಮ ಅದೀರಲ್ರೀ, ಟೀಚರ್?" ಎಂದು ಅನುಮಾನದಿಂದ ನೋಡಿ ಬೇಗ ಬೇಗ ಹೋದರು. ಕಾಕಾ ಮಾತ್ರ ಗಾಡಿಯಿಂದ ಇಳಿದು, ಕಣ್ಣೊರೆಸಿಕೊಳ್ಳುತ್ತ, "ಕೇಳಿಸ್ತು" ಎಂದ.

ಹೆಡ್‌ಫೋನ್ ಏನೋ ಒಳ್ಳೆಯದೇ. ಆದರೆ ಎರಡೂ ಕಿವಿ ಮುಚ್ಚಿದ್ದರಿಂದ ಹಿಂದಿನ ಲಾರಿಯ ಹಾರ್ನೂ ಕೇಳದಾಯಿತು. ಕಾಕಾ ಗರಗಸ ತೆಗೆದುಕೊಂಡು ಒಂದು ಬದಿಯನ್ನು ಕೊಯ್ದೇ ಬಿಟ್ಟ! "ಈ ಕಿವಿ ಅಕ್ಕಗ, ಈ ಕಿವಿ ಲಾರಿಗೆ" ಎಂದ. ಅದು ಕೆಟ್ಟರೆ ಇನ್ನೊಂದು ತರುತ್ತಿದ್ದ, ಅದನ್ನೂ ಕೊಯ್ಯುತ್ತಿದ್ದ.

ನಕ್ಕೂ ನಕ್ಕೂ ನಮಗೇ ಸಾಕಾಯಿತು. ಕರೆ ಮಾತ್ರ ಬರಲಿಲ್ಲ. ಪ್ರತಿ ಪಂಚಮಿಗೆ ಕಾಕಾ ಗಾಡಿಯಲ್ಲೇ ಎಳ್ಳುಂಡಿ ಕಟ್ಟುತ್ತಿದ್ದ, ಮನಸ್ಸು ತಡೆಯದೆ ತಾನೇ ಫೋನು ಮಾಡುತ್ತಿದ್ದ. ಆ ಕಡೆ ರಿಂಗಾಗಿ ರಿಂಗಾಗಿ ನಿಲ್ಲುತ್ತಿತ್ತು. "ಸಿಟ್ಟು ಇಳಿದಿಲ್ಲ ಆಕೀದು" ಎಂದು ಉಂಡಿಗಳನ್ನೆಲ್ಲ ಗಿರಣಿಯ ಹಮಾಲರಿಗೆ ಹಂಚಿಬಿಡುತ್ತಿದ್ದ.

ಈ ಸಲ ಪಂಚಮಿಯ ಹಿಂದಿನ ದಿನ ನಾನೂ ಗಾಡಿಯಲ್ಲಿದ್ದೆ. ಕಲ್ಲೂರು ದಾಟುತ್ತಿದ್ದೆವು. ಫೋನಿನ ಮೇಲೆ 'ಅಕ್ಕ' ಎಂದು ಮೂಡಿತು. ಕಾಕಾ ಗುಂಡಿ ಒತ್ತಿದ. ಎಂಜಿನ್ನಿನ ಸಪ್ಪಳವನ್ನೂ ಸೀಳಿಕೊಂಡು, ಹಿಂದೆ ಕೂತ ನನಗೂ ಕೇಳುವಂತೆ ಬಂತು ದನಿ:

"ತಮ್ಮಾ! ಪಂಚಮಿ ಬಂತು! ಬರ್ತೀಯೇನೋ?"

ಕಾಕಾ ಕಿವಿ ನೋವಾಗಿ ಹೆಡ್‌ಫೋನನ್ನು ಕಿತ್ತೆಸೆದ. ಫೋನು ಕೈಗೆತ್ತಿಕೊಂಡು, ಸ್ಪೀಕರ್ ಒತ್ತಿ, ಗಾಡಿಯನ್ನು ಬದಿಗೆ ತಂದು ಎಂಜಿನ್ ಆರಿಸಿದ. "ಬರ್ತೀನಿ ಅಕ್ಕಾ! ಈಗ ಬಂದೆ!"

"ಯಾಕ ಮಾತಾಡವಲ್ಲಿ? ನಿನಗ ನನ್ನ ಮ್ಯಾಲ ಸಿಟ್ಟು ಬಂದದೇನೋ?"

"ಇಲ್ಲಕ್ಕಾ! ಬಂದೆ!"

"ಮಾತಾಡೋ ತಮ್ಮಾ!"

ಆಮೇಲೆ ಫೋನು ಅತ್ತೆಯ ಸೊಸೆಯ ಕೈಗೆ ಬಂತು. "ಮಾಮಾ, ನಮ್ಮತ್ತೆಯವರಿಗೆ ಕಿವಿ ಕೇಳಂಗಿಲ್ರಿ. ಭಾಳ ವರ್ಷ ಆತು, ಪೂರಾ ಹೋಗ್ಯಾವ. ನಿಮ್ಮ ಫೋನ್ ಬರ್ತದಂತ ಅದನ್ನ ಯಾರ ಕೈಗೂ ಕೊಡಂಗಿಲ್ಲ, ಮಡಿಲಾಗ ಇಟ್ಕೊಂಡು ಕುಂತಿರ್ತಾರ. ರಿಂಗಾದದ್ದೊಂದು ಗೊತ್ತಾಗಂಗಿಲ್ಲ. ನೀವು ಒಮ್ಮೆನೂ ಮಾಡಲಿಲ್ಲಂತ ತಿಳಕೊಂಡು, ತಡೀಲಾರದ ಈ ಸಲ ತಾವ ಮಾಡ್ಯಾರ."

ಕಾಕಾ ಕಿತ್ತೆಸೆದ ಹೆಡ್‌ಫೋನನ್ನು ಹೆಕ್ಕಿಕೊಂಡ. "ನನ್ನ ಕಿವೀಗೆ ಏನೇನೋ ತಂದೆನವ್ವಾ. ಆಕಿ ಕಿವಿ ಹೆಂಗದಾವಂತ ಒಂದಿನ ಯಾರನ್ನೂ ಕೇಳಲಿಲ್ಲ" ಎಂದ. ನಮ್ಮ ಪೈಕಿ ಯಾರಾದರೂ ಒಬ್ಬರು ಆ ಹೊಸ್ತಿಲು ತುಳಿದಿದ್ದರೆ ಇದು ಎಂದೋ ತಿಳಿಯುತ್ತಿತ್ತು.

ಚೀಕಲಪರ್ವಿ ತಲುಪಿದಾಗ ಗಾಡಿಯ ಆರ್ಭಟಕ್ಕೆ ಓಣಿಯೆಲ್ಲ ಹೊರಗೆ ಬಂತು. ಜನ ಓಡುವುದನ್ನು ಕಂಡು ಅತ್ತೆಯೂ ಬಂದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ಕಾಕಾ ಇಳಿದು ಅವಳ ಎರಡೂ ಕೈ ಹಿಡಿದುಕೊಂಡ.

"ನಂದು ತಪ್ಪಾತು ಅಕ್ಕಾ."

"ಏನಂದಿ? ಜೋರ ಹೇಳೋ!"

"ನಂದು ತಪ್ಪಾತು ಅಕ್ಕಾ!" ಎಂದು ಕಾಕಾ ಕೂಗಿದ. ಓಣಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತೆ ಇಲ್ಲವೆಂದು ತಲೆಯಾಡಿಸಿದಳು, ಕೇಳಿಸಲಿಲ್ಲ.

ಇನ್ನೊಮ್ಮೆ ಹೇಳಲು ಹೋದ ಕಾಕಾನ ದನಿಯೇ ಬರಲಿಲ್ಲ. ಬರೀ ತುಟಿ ಅಲುಗಿದವು, ಕಣ್ಣಿಂದ ನೀರು ಸುರಿಯಿತು. ಅತ್ತೆ ಆ ಮುಖವನ್ನೇ ನೋಡುತ್ತ ನಿಂತಳು. ಆಮೇಲೆ ತನ್ನ ಸೆರಗಿನಿಂದ ಅವನ ಕಣ್ಣೊರೆಸಿ, ಇಡೀ ಓಣಿಗೆ ಕೇಳುವ ಹಾಗೆ ಹೇಳಿದಳು:

"ಆತು ಬಿಡೋ ತಮ್ಮಾ, ಕೇಳಿಸ್ತು!"